ಋತುಗಳ ಚಿತ್ರ ತಿದ್ದಿ, ನಕ್ಷತ್ರಗಳ ವಿಳಾಸ ಪೂರ್ತಿ ಕೊಡಿ

ಮಾನ್ಯ ಸಂಪಾದಕರೇ,

ಋತುಗಳು ಹೇಗೆ ಉಂಟಾಗುತ್ತವೆ ಎಂದು ವಿವರಿಸುವ ಬರಹ ಮಕ್ಕಳ ಪುಟದಲ್ಲಿ ಬಂದಾಗಲೆಲ್ಲ ಪಕ್ಕದಲ್ಲಿ ಅದೇ ಚಿತ್ರ ಇರುತ್ತದೆ: ಉದ್ದಕ್ಕೆ ಎಳೆದ ಮೊಟ್ಟೆಯಂಥ ಕಕ್ಷೆ, ಒಳಗೆ ಸೂರ್ಯ, ಸುತ್ತ ನಾಲ್ಕು ಭೂಮಿ. ಭೂಮಿಯ ಅಕ್ಷ ಓರೆಯಾಗಿರುವುದೇ ಕಾರಣ ಎಂದು ಬರಹ ಸರಿಯಾಗಿಯೇ ಹೇಳುತ್ತದೆ. ಚಿತ್ರ ಹೇಳುವುದೇ ಬೇರೆ. ಮೊಟ್ಟೆಯ ತುದಿಯಲ್ಲಿರುವ ಭೂಮಿ ಸೂರ್ಯನಿಂದ ದೂರ, ಮಗ್ಗುಲಲ್ಲಿರುವುದು ಹತ್ತಿರ. ಹತ್ತಿರವಾದರೆ ಬಿಸಿಲು, ದೂರವಾದರೆ ಚಳಿ ಎಂದು ಮಗು ತಾನೇ ತೀರ್ಮಾನಿಸಿಬಿಡುತ್ತದೆ. ಓದಿದ್ದು ಮರೆತರೂ ನೋಡಿದ್ದು ಉಳಿಯುತ್ತದೆ.

ಅಳತೆಗೆ ಸರಿಯಾಗಿ ಈ ಕಕ್ಷೆಯನ್ನು ಬರೆದರೆ ಏನಾಗುತ್ತದೆ ನೋಡಿ. 10 ಸೆಂಟಿಮೀಟರ್ ಅಗಲದ ಕಕ್ಷೆ ಬರೆದಿರೆಂದುಕೊಳ್ಳಿ. ಅದರ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಪೆನ್ಸಿಲ್ ಗೆರೆಯ ದಪ್ಪದೊಳಗೇ ಅದು ಮುಳುಗಿಹೋಗುತ್ತದೆ. ಸೂರ್ಯ ಮಾತ್ರ ನಟ್ಟನಡುವಿನಿಂದ 0.8 ಮಿಲಿಮೀಟರ್ ಸರಿದಿರುತ್ತಾನೆ. ಅಂದರೆ ಕೈವಾರದಿಂದ ಎಳೆದ ವೃತ್ತವೇ ಸಾಕು. ಪುಸ್ತಕಗಳಲ್ಲಿ ಅದು ಮೊಟ್ಟೆಯಾದದ್ದು ಚಿತ್ರಕಾರರು ಕಕ್ಷೆಯನ್ನು ಓರೆಯಾಗಿ, ಮೇಜಿನ ಮೇಲಿಟ್ಟ ತಟ್ಟೆಯನ್ನು ಪಕ್ಕದಿಂದ ನೋಡಿದ ಹಾಗೆ, ಬರೆಯುವುದರಿಂದ. ಓರೆ ನೋಟವೆಂದು ಚಿತ್ರದ ಕೆಳಗೆ ಯಾರೂ ಬರೆಯುವುದಿಲ್ಲ.

ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.71 ಕೋಟಿ ಕಿಲೋಮೀಟರಿಗೆ. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.21 ಕೋಟಿ ಕಿಲೋಮೀಟರಿಗೆ. ಹತ್ತಿರ ಬಂದ ಹೊತ್ತಿಗೇ ಉತ್ತರಾರ್ಧಗೋಳದಲ್ಲಿ ಚಳಿಗಾಲ. ದೂರದ ಈ ಏರಿಳಿತದಿಂದ ಇಡೀ ಭೂಮಿಗೆ ಸಿಗುವ ಶಾಖದಲ್ಲಿ ಆಗುವ ವ್ಯತ್ಯಾಸ ನೂರಕ್ಕೆ 7ರಷ್ಟು. ಇದಕ್ಕೆ ಎದುರಾಗಿ 40 ಡಿಗ್ರಿ ಉತ್ತರ ಅಕ್ಷಾಂಶದ ಒಂದು ಜಾಗವನ್ನು ತೆಗೆದುಕೊಳ್ಳಿ. ಜೂನ್ 21ರ ನಡುಹಗಲಲ್ಲಿ ಸೂರ್ಯ ಅಲ್ಲಿ ದಿಗಂತದಿಂದ 73.4 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರ್ 21ರಂದು ಬರೀ 26.6 ಡಿಗ್ರಿ. ಬಿಸಿಲು ಓರೆಯಾದಷ್ಟೂ ಅದೇ ಬೆಳಕು ಹೆಚ್ಚು ನೆಲಕ್ಕೆ ಹರಡಿಕೊಳ್ಳುತ್ತದೆ. ಹಾಗಾಗಿ ಜೂನ್ ನಡುಹಗಲಿನ ಒಂದು ಚದರ ಮೀಟರಿಗೆ ಡಿಸೆಂಬರಿನ ಎರಡು ಪಟ್ಟಿಗಿಂತ ಹೆಚ್ಚು ಶಾಖ. ಹಗಲಿನ ಉದ್ದವೂ ಬೇರೆ: ಒಂದರಲ್ಲಿ 15 ಗಂಟೆ, ಇನ್ನೊಂದರಲ್ಲಿ 9 ಗಂಟೆ 20 ನಿಮಿಷ. ಎರಡನ್ನೂ ಕೂಡಿಸಿ ದಿನವಿಡೀ ಬೀಳುವ ಶಾಖದ ಲೆಕ್ಕ ಹಾಕಿದರೆ ಮೂರು ಪಟ್ಟು ದಾಟುತ್ತದೆ, ವಾಯುಮಂಡಲ ಹೀರಿಕೊಳ್ಳುವುದನ್ನು ಬಿಟ್ಟರೂ. ಒಂದು ಕಡೆ ನೂರಕ್ಕೆ 7, ಇನ್ನೊಂದು ಕಡೆ ಮೂರು ಪಟ್ಟು: ಋತುವನ್ನು ನಿರ್ಧರಿಸುವುದು ಯಾವುದು ಎಂಬುದಕ್ಕೆ ಬೇರೆ ವಾದ ಬೇಕಿಲ್ಲ.

ದೂರದ ತಪ್ಪು ಕಲ್ಪನೆಗೆ ಒಂದು ಸೂಕ್ಷ್ಮ ರೂಪವೂ ಇದೆ. "ಸೂರ್ಯನ ಕಡೆ ವಾಲಿದ ಗೋಳಾರ್ಧ ಅವನಿಗೆ ಹತ್ತಿರವಾಗುತ್ತದೆ, ಅದಕ್ಕೇ ಅಲ್ಲಿ ಬೇಸಿಗೆ" ಎನ್ನುತ್ತಾರೆ. ಜೂನ್ 21ರಂದು ಉತ್ತರ ಧ್ರುವ ದಕ್ಷಿಣ ಧ್ರುವಕ್ಕಿಂತ ಸೂರ್ಯನಿಗೆ ಸುಮಾರು 5,000 ಕಿಲೋಮೀಟರ್ ಹತ್ತಿರ ಇರುವುದು ನಿಜ. 15 ಕೋಟಿಯ ಮುಂದೆ 5,000 ಯಾವ ಲೆಕ್ಕ? ವಾಲಿಕೆಯಿಂದ ಬದಲಾಗುವುದು ಬಿಸಿಲು ಬೀಳುವ ಕೋನ ಮತ್ತು ಹಗಲಿನ ಉದ್ದ, ಎರಡೇ.

ಇದನ್ನು ತರಗತಿಯಲ್ಲಿ ತೋರಿಸಲು ಒಂದು ಬಲ್ಬು, ಒಂದು ಗ್ಲೋಬು ಸಾಕು. ಆದರೆ ಈ ಪ್ರಯೋಗ ಕೆಡುವುದೇ ಹೆಚ್ಚು, ಕೆಡುವ ಜಾಗವೂ ಒಂದೇ. ಗ್ಲೋಬ್ ಹಿಡಿದು ಬಲ್ಬಿನ ಸುತ್ತ ನಡೆಯುವವರು ತಮ್ಮ ಮೈ ತಿರುಗಿದಂತೆ ಗ್ಲೋಬನ್ನೂ ತಿರುಗಿಸಿಬಿಡುತ್ತಾರೆ. ಆಗ ಅಕ್ಷದ ಮೇಲ್ತುದಿ ಯಾವಾಗಲೂ ಬಲ್ಬಿನ ಕಡೆಗೇ ವಾಲಿರುತ್ತದೆ, ವರ್ಷಪೂರ್ತಿ ಒಂದೇ ಋತು. ಭೂಮಿಯ ಅಕ್ಷ ವರ್ಷವಿಡೀ ಧ್ರುವ ನಕ್ಷತ್ರದ ಕಡೆಗೇ ಮುಖ ಮಾಡಿರುತ್ತದೆ, ಸೂರ್ಯನನ್ನು ಹಿಂಬಾಲಿಸುವುದಿಲ್ಲ. ಅದಕ್ಕೆ ಮೊದಲು ಕೋಣೆಯ ಒಂದು ಗೋಡೆಯ ಮೇಲ್ಭಾಗದಲ್ಲಿ ಗುರುತು ಹಾಕಿ. ಬಲ್ಬಿನ ಸುತ್ತ ಎಲ್ಲಿ ನಿಂತರೂ ಅಕ್ಷ ಆ ಗೋಡೆಯ ಕಡೆಗೇ ಓರೆಯಾಗಿರಬೇಕು, ಓರೆಯೂ ಬದಲಾಗಬಾರದು. ಬಲ್ಬು ಗ್ಲೋಬಿನ ನಡುಮಟ್ಟದಲ್ಲಿರಲಿ, ಅದಕ್ಕೆ ಮುಚ್ಚಳ ಬೇಡ. ಕೋಣೆ ಕತ್ತಲಾಗಿರಬೇಕು, ಬಿಳಿ ಗೋಡೆಯಿಂದ ಬೆಳಕು ತಿರುಗಿ ಬಿದ್ದರೆ ಹಗಲು ಮುಗಿದು ಇರುಳು ತೊಡಗುವ ಗೆರೆ ಮಸುಕಾಗುತ್ತದೆ.

ಸುಮ್ಮನೆ ನೋಡಿ ಬಿಡುವ ಬದಲು ಎಣಿಸಿ. ಗ್ಲೋಬಿನ ಮೇಲೆ ರೇಖಾಂಶದ ಗೆರೆಗಳು ಸಾಮಾನ್ಯವಾಗಿ 15 ಡಿಗ್ರಿಗೊಂದರಂತೆ 24 ಇರುತ್ತವೆ. 30 ಡಿಗ್ರಿ ಉತ್ತರ ಅಕ್ಷಾಂಶದ ಗೆರೆಯ ಮೇಲೆ ಆ ಗೆರೆಗಳ ನಡುವಿನ ಎಷ್ಟು ಮನೆಗಳು ಬೆಳಕಿನಲ್ಲಿವೆಯೋ ಅಷ್ಟು ಗಂಟೆಯ ಹಗಲು. ಅಕ್ಷದ ಮೇಲ್ತುದಿ ಬಲ್ಬಿನ ಕಡೆ ವಾಲಿರುವ ಜೂನ್ ಸ್ಥಾನದಲ್ಲಿ 14, ಆಚೆ ಕಡೆ ವಾಲಿರುವ ಡಿಸೆಂಬರ್ ಸ್ಥಾನದಲ್ಲಿ 10 ಬರಬೇಕು. 30 ಸೆಂಟಿಮೀಟರ್ ಗ್ಲೋಬು, ಒಂದೂವರೆ ಮೀಟರ್ ದೂರದ ಬಲ್ಬು ಇದ್ದರೆ 13 ಮತ್ತು 9 ಬರುತ್ತದೆ. ಮಕ್ಕಳು ಗಾಬರಿಯಾಗಬೇಕಿಲ್ಲ. ಬಲ್ಬು ಹತ್ತಿರವಿರುವುದರಿಂದ ಬೆಳಕಿಗೆ ಸರಿಯಾಗಿ ಅರ್ಧ ಗೋಳ ಸಿಗುವುದಿಲ್ಲ, ಅಂಚು ಎಲ್ಲ ಕಡೆ ಸುಮಾರು 6 ಡಿಗ್ರಿ ಒಳಗೇ ನಿಲ್ಲುತ್ತದೆ. ಎರಡರಲ್ಲೂ ಒಂದೊಂದು ಗಂಟೆ ಕಡಿಮೆಯಾದರೂ ನಡುವಿನ 4 ಗಂಟೆಯ ವ್ಯತ್ಯಾಸ ಹಾಗೇ ಉಳಿಯುತ್ತದೆ. 60 ಡಿಗ್ರಿಯಲ್ಲಿ ಎಣಿಸಿದರೆ ಈ ದೋಷ ದೊಡ್ಡದಾಗುತ್ತದೆ, ಆದ್ದರಿಂದ ಅಲ್ಲಿಂದ ಶುರುಮಾಡಬೇಡಿ.

ಒಳಗೆ ಬಲ್ಬಿನಿಂದ ಕಂಡದ್ದನ್ನು ಹೊರಗೆ ಅಳೆಯಲು ಹಳೆಯ ಸಾಧನವೇ ಇದೆ, ಶಂಕು. ಅಂದರೆ ಮಟ್ಟಸ ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಕೋಲು. ಕೋಲು 100 ಸೆಂಟಿಮೀಟರ್ ಇದ್ದರೆ ಲೆಕ್ಕ ಸುಲಭ. ತೂಗುಗುಂಡು ಹಿಡಿದು ಎರಡು ಪಕ್ಕಗಳಿಂದಲೂ ನೆಟ್ಟಗಿದೆಯೇ ನೋಡಿ. ಒಂದು ಡಿಗ್ರಿ ವಾಲಿದರೂ ತುದಿ ಸುಮಾರು 1.7 ಸೆಂಟಿಮೀಟರ್ ಸರಿಯುತ್ತದೆ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ನೆರಳಿನ ತುದಿ ಎಲ್ಲಿದೆಯೋ ಅಲ್ಲಿ ಗುರುತು ಹಾಕಿ, ಕೋಲಿನ ಬುಡವನ್ನು ಕೇಂದ್ರವಾಗಿಟ್ಟು ಆ ಗುರುತಿನ ಮೂಲಕ ದಾರದಿಂದ ವೃತ್ತ ಎಳೆಯಿರಿ. ನೆರಳು ಗಿಡ್ಡವಾಗುತ್ತ ವೃತ್ತದೊಳಗೆ ಬಂದು, ಮಧ್ಯಾಹ್ನದ ಮೇಲೆ ಮತ್ತೆ ಉದ್ದವಾಗಿ ವೃತ್ತವನ್ನು ಇನ್ನೊಂದು ಕಡೆ ಮುಟ್ಟುತ್ತದೆ. ಎರಡೂ ಗುರುತುಗಳನ್ನು ಸೇರಿಸುವ ಗೆರೆಯೇ ಪೂರ್ವ ಪಶ್ಚಿಮ. ಅದರ ನಡುಬಿಂದುವಿನಿಂದ ಕೋಲಿನ ಬುಡಕ್ಕೆ ಎಳೆದದ್ದು ಉತ್ತರ ದಕ್ಷಿಣ. ದಿಕ್ಸೂಚಿಗಿಂತ ಇದು ನಂಬಿಗಸ್ತ, ಏಕೆಂದರೆ ಕಾಂತದ ಮುಳ್ಳು ತೋರುವುದು ಕಾಂತೀಯ ಉತ್ತರವನ್ನು. ಹತ್ತಿರದಲ್ಲಿ ಕಬ್ಬಿಣವಿದ್ದರೆ ಅದನ್ನೂ ತೋರುವುದಿಲ್ಲ.

ನೆರಳಿನ ತುದಿ ಎಲ್ಲಿದೆ ಎಂದು ಕಂಡುಹಿಡಿಯುವುದೇ ಇಲ್ಲಿ ಕಷ್ಟ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. 45 ಡಿಗ್ರಿ ಎತ್ತರದಲ್ಲಿದ್ದಾಗ ಒಂದು ಮೀಟರ್ ಕೋಲಿನ ನೆರಳಿನ ತುದಿ ಸುಮಾರು 2 ಸೆಂಟಿಮೀಟರ್ ಉದ್ದಕ್ಕೆ ಕದಡಿಹೋಗಿರುತ್ತದೆ. ಕೋಲಿನ ತುದಿಗೆ 5 ಮಿಲಿಮೀಟರ್ ತೂತಿರುವ ರಟ್ಟಿನ ಬಿಲ್ಲೆ ಅಂಟಿಸಿದರೆ ರಟ್ಟಿನ ನೆರಳಿನ ನಡುವೆ ಬೆಳಕಿನ ದುಂಡನೆ ಚುಕ್ಕೆ ಬೀಳುತ್ತದೆ. ಅದರ ಮಧ್ಯವನ್ನೇ ಗುರುತಿಸಿ. ಎತ್ತರವನ್ನು ನೆಲದಿಂದ ತೂತಿನವರೆಗೆ ಅಳೆಯಬೇಕು, ಕೋಲಿನ ತುದಿಯವರೆಗೆ ಅಲ್ಲ. ತೂತಿನ ಮೂಲಕ ಸೂರ್ಯನನ್ನು ನೋಡಕೂಡದು.

ಉತ್ತರ ದಕ್ಷಿಣ ಗೆರೆಯ ಮೇಲೆ ನೆರಳು ಬಿದ್ದ ಕ್ಷಣವೇ ನಿಜವಾದ ನಡುಹಗಲು. ಗಡಿಯಾರದ 12 ಗಂಟೆಯನ್ನು ನಂಬಬೇಡಿ. ದೇಶದ ಗಡಿಯಾರಗಳಿಗೆ ಆಧಾರವಾದ ಪ್ರಮಾಣ ರೇಖಾಂಶದಿಂದ ನೀವು ಎಷ್ಟು ಡಿಗ್ರಿ ಆಚೀಚೆ ಇದ್ದೀರೋ ಡಿಗ್ರಿಗೆ 4 ನಿಮಿಷದಂತೆ ಹೆಚ್ಚುಕಮ್ಮಿಯಾಗುತ್ತದೆ. ಅದರ ಮೇಲೆ ಸೂರ್ಯನೇ ಗಡಿಯಾರಕ್ಕಿಂತ ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಮುಂದಿರುತ್ತಾನೆ, ಫೆಬ್ರವರಿ ಎರಡನೇ ವಾರದಲ್ಲಿ 14 ನಿಮಿಷ ಹಿಂದೆ ಬೀಳುತ್ತಾನೆ. ಮಾರ್ಚ್ 20-21 ಅಥವಾ ಸೆಪ್ಟೆಂಬರ್ 22-23ರ ನಡುಹಗಲಲ್ಲಿ 100 ಸೆಂಟಿಮೀಟರ್ ಕೋಲಿಗೆ 36.4 ಸೆಂಟಿಮೀಟರ್ ನೆರಳು ಬಿದ್ದರೆ ನೀವಿರುವುದು 20 ಡಿಗ್ರಿ ಅಕ್ಷಾಂಶದಲ್ಲಿ. ನೆರಳನ್ನು ಎತ್ತರದಿಂದ ಭಾಗಿಸಿ, ಆ ಟ್ಯಾಂಜೆಂಟ್ ಬೆಲೆಯ ಕೋನ ಹುಡುಕಿದರಾಯಿತು. ಆ ದಿನ ನೆರಳಿನ ತುದಿ ಬೆಳಗಿನಿಂದ ಸಂಜೆವರೆಗೆ ನೇರ ಗೆರೆಯಲ್ಲಿ ಸಾಗುತ್ತದೆ. ಬೇರೆ ದಿನಗಳಲ್ಲಿ ಅದರ ದಾರಿ ಬಾಗಿರುತ್ತದೆ. ನೋಡಲು ಬಹಳ ಚೆಂದದ ಸಂಗತಿ, ವರ್ಷಕ್ಕೆ ಎರಡೇ ಸಲ ಸಿಗುವಂಥದು.

ಇಷ್ಟೆಲ್ಲ ಬರೆದದ್ದು ಒಂದು ಸೂತ್ರಕ್ಕಾಗಿ. ಭೂಮಧ್ಯರೇಖೆಯ ನೇರ ಮೇಲೆ ಕಲ್ಪಿಸಿಕೊಂಡ ಆಕಾಶದ ನಡುಗೆರೆಯಾದ ಖಗೋಳ ಸಮಭಾಜಕದಿಂದ ಒಂದು ಕಾಯ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದೆ ಎಂಬುದಕ್ಕೆ ಕ್ರಾಂತಿ ಎಂದು ಹೆಸರು. ನಿಮ್ಮ ಅಕ್ಷಾಂಶಕ್ಕೂ ಕಾಯದ ಕ್ರಾಂತಿಗೂ ಇರುವ ವ್ಯತ್ಯಾಸವನ್ನು 90ರಿಂದ ಕಳೆದರೆ ಅದು ಅತಿ ಎತ್ತರಕ್ಕೆ ಬಂದಾಗ ದಿಗಂತದಿಂದ ಎಷ್ಟು ಮೇಲಿರುತ್ತದೆ ಎಂದು ಸಿಗುತ್ತದೆ. ಉತ್ತರ ಕ್ರಾಂತಿಯನ್ನು ಧನ, ದಕ್ಷಿಣವನ್ನು ಋಣ ಎಂದಿಟ್ಟುಕೊಳ್ಳಿ. ಸೂರ್ಯನ ಕ್ರಾಂತಿ ಜೂನ್‌ನಲ್ಲಿ +23.4, ಡಿಸೆಂಬರಿನಲ್ಲಿ −23.4, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಸೊನ್ನೆ. ಈ ನಡೆ ಸಮವೇಗದ್ದಲ್ಲ. ಮಾರ್ಚ್ ಕೊನೆಯಲ್ಲಿ ದಿನಕ್ಕೆ 0.4 ಡಿಗ್ರಿ ಓಡುವ ಸೂರ್ಯ, ಜೂನ್ 21ರ ಹತ್ತು ದಿನ ಹಿಂದೆ ಮುಂದೆ ಸೇರಿ ಅರ್ಧ ಡಿಗ್ರಿಯೂ ಕದಲುವುದಿಲ್ಲ. ಉತ್ತರಾಯಣ ಮುಗಿದು ದಕ್ಷಿಣಾಯನ ಯಾವ ದಿನ ತೊಡಗಿತೆಂದು ಕೋಲಿನ ನೆರಳಿನಿಂದ ಹೇಳುವುದು ಕಷ್ಟ, ಸೂರ್ಯನ ಕ್ರಾಂತಿ ಸೊನ್ನೆಯಾಗುವ ವಿಷುವದ ದಿನವನ್ನು ಹೇಳುವುದು ಸುಲಭ. ಇದೇ ಅದರ ಕಾರಣ. ಅಕ್ಷಾಂಶ 23.4ಕ್ಕಿಂತ ಕಡಿಮೆಯಿರುವ ಕಡೆ ವರ್ಷಕ್ಕೆ ಎರಡು ಸಲ ಕ್ರಾಂತಿಯೂ ಅಕ್ಷಾಂಶವೂ ಒಂದಾಗಿ ನಡುಹಗಲಿನ ನೆರಳು ಕಾಲಡಿ ಮಾಯವಾಗುತ್ತದೆ. 20 ಡಿಗ್ರಿ ಉತ್ತರದಲ್ಲಿ ಮೇ 20 ಮತ್ತು ಜುಲೈ 23ರ ಆಸುಪಾಸು. ಆ ಎರಡರ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಗೆರೆ ತಪ್ಪಾಯಿತೆಂದು ಕೋಲು ಕೀಳಬೇಡಿ.

ಕ್ರಾಂತಿ ಬದಲಾಗುತ್ತ ಹೋಗುವ ನಕ್ಷತ್ರವೇ ಸೂರ್ಯ. ಉಳಿದ ನಕ್ಷತ್ರಗಳ ಕ್ರಾಂತಿ ನಮ್ಮ ಆಯುಷ್ಯದಲ್ಲಿ ಗಮನಕ್ಕೆ ಬರುವಷ್ಟು ಬದಲಾಗುವುದಿಲ್ಲ. ಸೂರ್ಯನಿಗೆ ಕಲಿತ ಲೆಕ್ಕವನ್ನೇ ಅವಕ್ಕೂ ಹಾಕಬಹುದು. ಜ್ಯೇಷ್ಠಾ ನಕ್ಷತ್ರದ ಕ್ರಾಂತಿ −26.4. 20 ಡಿಗ್ರಿ ಉತ್ತರದಿಂದ ಅದು ದಕ್ಷಿಣದಲ್ಲಿ 43.6 ಡಿಗ್ರಿಯವರೆಗೆ ಏರುತ್ತದೆ, 50 ಡಿಗ್ರಿ ಉತ್ತರದಿಂದ ಬರೀ 13.6. ಡಿಸೆಂಬರ್ ಹಗಲಿನ ಸೂರ್ಯ ತಗ್ಗಿನಲ್ಲಿ ನಡೆಯುವ ದಾರಿಯ ಹತ್ತಿರವೇ ಜೂನ್ ಇರುಳಲ್ಲಿ ಜ್ಯೇಷ್ಠಾ ನಡೆಯುತ್ತದೆ. ಜೂನ್ ಹುಣ್ಣಿಮೆಯ ಚಂದ್ರನೂ ಹೆಚ್ಚುಕಮ್ಮಿ ಅದೇ ದಾರಿಯವನು, ಸೂರ್ಯನಿಗೆ ಎದುರಾಗಿರುವವನಾದ್ದರಿಂದ. ಉತ್ತರಾರ್ಧಗೋಳದ ಚಳಿಗಾಲದ ಹುಣ್ಣಿಮೆ ಅಷ್ಟು ಎತ್ತರದಲ್ಲಿ ಬೆಳಗುವುದಕ್ಕೂ ಇದೇ ಕಾರಣ. ಋತು ಮತ್ತು ನಕ್ಷತ್ರ ಎರಡು ಬೇರೆ ಪಾಠಗಳೆಂದು ಕಲಿಸುವುದರಿಂದ ಈ ನಂಟು ಮಕ್ಕಳಿಗೆ ಕಾಣದೇ ಹೋಗುತ್ತದೆ.

ಎತ್ತರ ಗೊತ್ತಾಯಿತು, ಹೊತ್ತು ಯಾವುದು? ಅದಕ್ಕೆ ಎರಡನೆಯ ಅಂಕಿ, ವಿಷುವದಂಶ. ಭೂಮಿಗೆ ರೇಖಾಂಶ ಇದ್ದಂತೆ ಆಕಾಶದಲ್ಲಿ ಪೂರ್ವ ಪಶ್ಚಿಮವಾಗಿ ಕಾಯದ ಜಾಗ ಹೇಳುವ ಅಂಕಿ ಇದು. ಇದನ್ನು 0ಯಿಂದ 24ರವರೆಗೆ ಗಂಟೆಗಳಲ್ಲಿ ಹೇಳುತ್ತಾರೆ. ನೆನಪಿಡಬೇಕಾದ್ದು ಇಷ್ಟೇ: ಸೆಪ್ಟೆಂಬರ್ 22ರ ನಡುರಾತ್ರಿ, ನೆತ್ತಿಯ ಮೂಲಕ ಹಾಯುವ ಆಕಾಶದ ಉತ್ತರ ದಕ್ಷಿಣ ಗೆರೆಯ ಮೇಲೆ 0 ಗಂಟೆ ವಿಷುವದಂಶ ಇರುತ್ತದೆ, ಡಿಸೆಂಬರ್ 21ಕ್ಕೆ 6, ಮಾರ್ಚ್ 21ಕ್ಕೆ 12, ಜೂನ್ 21ಕ್ಕೆ 18. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುವುದರಿಂದ ತಿಂಗಳಿಗೆ 2 ಗಂಟೆ ಮುಂದಾಗುತ್ತವೆ. ರೋಹಿಣಿಯ ವಿಷುವದಂಶ 4 ಗಂಟೆ 36 ನಿಮಿಷ, ಹಾಗಾಗಿ ಡಿಸೆಂಬರ್ 1ರ ಹೊತ್ತಿಗೆ ನಡುರಾತ್ರಿ ಅದು ಅತಿ ಎತ್ತರದಲ್ಲಿರುತ್ತದೆ. ಡಿಸೆಂಬರ್ ಕೊನೆಗೆ ಅದೇ ಎತ್ತರ ರಾತ್ರಿ 10ಕ್ಕೆ, ಜನವರಿ ಕೊನೆಗೆ 8ಕ್ಕೆ.

ದಿಕ್ಕು ಹಿಡಿಯಲು ಆಕಾಶದಲ್ಲೇ ಗುರುತುಗಳಿವೆ. ಮಹಾವ್ಯಾಧನ (ಒರಾಯನ್) ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮೊದಲು ಹುಟ್ಟುವುದು ಖಗೋಳ ಸಮಭಾಜಕದ ಮೇಲೇ ಇದೆ ಎನ್ನಬಹುದು. ಧ್ರುವ ಪ್ರದೇಶಗಳನ್ನು ಬಿಟ್ಟು ಭೂಮಿಯ ಎಲ್ಲಿಂದ ನೋಡಿದರೂ ಅದು ಸರಿಯಾಗಿ ಪೂರ್ವದಲ್ಲಿ ಹುಟ್ಟಿ ಸರಿಯಾಗಿ ಪಶ್ಚಿಮದಲ್ಲಿ ಮುಳುಗುತ್ತದೆ. ಸೂರ್ಯ ಹೀಗೆ ಮಾಡುವುದು ವರ್ಷಕ್ಕೆ ಎರಡು ದಿನ ಮಾತ್ರ. ಸಪ್ತರ್ಷಿ ಮಂಡಲದ ಚೌಕದಲ್ಲಿ ಬಾಲದಿಂದ ದೂರದ ಅಂಚಿನ ಎರಡು ನಕ್ಷತ್ರಗಳು ಪುಲಹ ಮತ್ತು ಕ್ರತು; ಪುಲಹದಿಂದ ಕ್ರತುವಿಗೆ ಎಳೆದ ಗೆರೆಯನ್ನು ಕ್ರತುವಿನಿಂದ ಮುಂದೆ ಐದು ಪಟ್ಟು ಚಾಚಿದರೆ ಧ್ರುವ ನಕ್ಷತ್ರ. ಅದು ಆಕಾಶದ ಅತಿ ಪ್ರಕಾಶದ ನಕ್ಷತ್ರವೆಂದುಕೊಂಡು ಹುಡುಕುವವರು ಯಾವುದೋ ಬೇರೆ ನಕ್ಷತ್ರಕ್ಕೆ ಸಿಕ್ಕಿಬೀಳುತ್ತಾರೆ. ಪ್ರಕಾಶದಲ್ಲಿ ಅದು ಸಪ್ತರ್ಷಿಗಳಷ್ಟೇ. ದಿಗಂತದಿಂದ ಅದರ ಎತ್ತರವೇ ನಿಮ್ಮ ಅಕ್ಷಾಂಶ, ಒಂದು ಡಿಗ್ರಿಯೊಳಗೆ. ದಕ್ಷಿಣಾರ್ಧಗೋಳದಲ್ಲಿ ಇಂಥ ನಕ್ಷತ್ರವಿಲ್ಲ. ಶಿಲುಬೆಯಾಕಾರದ ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜದ ಉದ್ದನೆಯ ಗೆರೆಯನ್ನು ನಾಲ್ಕೂವರೆ ಪಟ್ಟು ಚಾಚಿ ದಕ್ಷಿಣ ಧ್ರುವಬಿಂದುವನ್ನು ಅಂದಾಜು ಮಾಡಬೇಕು.

ಡಿಗ್ರಿ ಅಳೆಯಲು ನಿಮ್ಮ ಕೈ ಸಾಕು. ಮೊಣಕೈ ಬಾಗಿಸದೆ ಪೂರ್ತಿ ಚಾಚಿ ಹಿಡಿದರೆ ಕಿರುಬೆರಳಿನ ಅಗಲ 1 ಡಿಗ್ರಿ, ನಡುವಿನ ಮೂರು ಬೆರಳು ಸೇರಿ 5, ಮುಷ್ಟಿ 10. ಕ್ರತು ಮತ್ತು ಪುಲಹದ ನಡುವೆ 5.4 ಡಿಗ್ರಿ, ಕ್ರತು ಮತ್ತು ಬಾಲ ಚೌಕಕ್ಕೆ ಸೇರುವ ಮೂಲೆಯ ಅತ್ರಿಯ ನಡುವೆ 10. ನಿಮ್ಮ ಕೈಯನ್ನು ಇವುಗಳ ಮೇಲಿಟ್ಟು ಒಮ್ಮೆ ಪರೀಕ್ಷಿಸಿಕೊಳ್ಳಿ. ಬರೀ ಕಣ್ಣಂದಾಜು ಎಲ್ಲರನ್ನೂ ಮೋಸಗೊಳಿಸುತ್ತದೆ. "ಅರ್ಧ ಆಕಾಶ" ಎಂದು ಅನಿಸುವ ಜಾಗ ನಿಜಕ್ಕೂ 45 ಡಿಗ್ರಿಗಿಂತ ಸಾಕಷ್ಟು ಕೆಳಗಿರುತ್ತದೆ. ನಕ್ಷತ್ರಪಟದಲ್ಲಿ ಪೂರ್ವ ಎಡಗಡೆ ಇರುವುದನ್ನು ಕಂಡು ಮುದ್ರಣದೋಷ ಎನ್ನುವವರಿದ್ದಾರೆ. ಪಟವನ್ನು ತಲೆಯ ಮೇಲೆ ಹಿಡಿದು ಕೆಳಗಿನಿಂದ ನೋಡಬೇಕು, ಆಗ ದಿಕ್ಕುಗಳು ಸರಿಹೊಂದುತ್ತವೆ. ಮೊಬೈಲ್ ಆಪ್ ಬಳಸುವವರು ಕಾಂತವಿರುವ ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ, ಗುರುತಿರುವ ಒಂದು ನಕ್ಷತ್ರಕ್ಕೆ ತಾಳೆ ನೋಡಿದ ಮೇಲೆಯೇ ಗುರುತಿಲ್ಲದ್ದನ್ನು ಹುಡುಕಲಿ.

ಗ್ರಹಗಳಿಗೆ ಸ್ಥಿರ ವಿಳಾಸವಿಲ್ಲ. ಆದರೆ ಅವು ಸೂರ್ಯ ನಡೆಯುವ ಹಾದಿಯನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಶುಕ್ರ ಸೂರ್ಯನಿಂದ ಸುಮಾರು 47 ಡಿಗ್ರಿ, ಬುಧ 28 ಡಿಗ್ರಿ ಮೀರಿ ಸರಿಯುವುದಿಲ್ಲವಾದ್ದರಿಂದ ನಡುರಾತ್ರಿ ನೆತ್ತಿಯ ಮೇಲೆ ಹೊಳೆಯುವುದು ಏನೇ ಆಗಿರಲಿ, ಶುಕ್ರ ಆಗಿರಲಾರದು.

ಪತ್ರಿಕೆಯಲ್ಲಿ ನಮ್ಮ ಕೋರಿಕೆ ಎರಡು. ಋತುಗಳ ಚಿತ್ರದಲ್ಲಿ ಕಕ್ಷೆಯನ್ನು ಮೇಲಿನಿಂದ ನೋಡಿದ ವೃತ್ತವಾಗಿ ಬರೆಯಿಸಿ. ಓರೆ ನೋಟವೇ ಬೇಕಿದ್ದರೆ ಹಾಗೆಂದು ಕೆಳಗೆ ಒಂದು ಸಾಲು ಹಾಕಿ. ಆಕಾಶ ವೀಕ್ಷಣೆಯ ಟಿಪ್ಪಣಿಗಳಲ್ಲಿ "ಈ ವಾರ ಪೂರ್ವದಲ್ಲಿ ಕಾಣಲಿದೆ" ಎಂದಷ್ಟೇ ಬರೆದರೆ ಓದುಗರು ಹೊರಗೆ ಬಂದು ಎಲ್ಲಿ ನೋಡಬೇಕೆಂದು ತಿಳಿಯದೆ ಒಳಗೆ ಹೋಗುತ್ತಾರೆ. ಹೊತ್ತು, ದಿಕ್ಕು, ಎತ್ತರ ಮತ್ತು ಅದು ಯಾವ ಅಕ್ಷಾಂಶಕ್ಕೆ ಹೇಳಿದ್ದು, ಈ ನಾಲ್ಕೂ ಇರಲಿ. ಮಾದರಿಗೆ: "ಲುಬ್ಧಕ, ಫೆಬ್ರವರಿ ಮೊದಲ ವಾರ, ರಾತ್ರಿ 10ರ ಆಸುಪಾಸು, ನೇರ ದಕ್ಷಿಣ, ಎತ್ತರ 53 ಡಿಗ್ರಿ ಅಂದರೆ ಐದು ಮುಷ್ಟಿ ಮತ್ತು ಮೂರು ಕಿರುಬೆರಳು, ಇದು 20 ಡಿಗ್ರಿ ಉತ್ತರ ಅಕ್ಷಾಂಶಕ್ಕೆ. ಅಲ್ಲಿಂದ ಉತ್ತರಕ್ಕೆ ಹೋದಷ್ಟು ಡಿಗ್ರಿ ಕಳೆಯಿರಿ, ದಕ್ಷಿಣಕ್ಕೆ ಬಂದಷ್ಟು ಕೂಡಿಸಿ." ಮೂರು ಸಾಲಿನ ಜಾಗ ಸಾಕು.

ಇಂತಿ,
ಆಕಾಶ ವೀಕ್ಷಣೆಯ ಆಸಕ್ತ ಓದುಗರು